ಹಳೆಯ ಗಾಡಿಯ ವಿಷಯವಾಗಿ ಅಪ್ಪನಿಗೆ

ಪರ್ತ್, ಆಸ್ಟ್ರೇಲಿಯಾ
ಮಾರ್ಚ್ ಕೊನೆಯ ವಾರ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಲ್ಲಿ ಹೂಮಳೆ ಹದವಾಗಿ ಬಂತೆಂದು ತಮ್ಮ ಮೆಸೇಜ್ ಹಾಕಿದ್ದ. ಹೂವಾದ ಮೇಲಿನ ಬ್ಯಾಕಿಂಗ್ ಮಳೆಯೂ ಸಕಾಲಕ್ಕೆ ಬಂದರೆ ಈ ವರ್ಷ ರೋಬಸ್ಟಾ ಕಾಫಿ ಕೈಹಿಡಿಯಬಹುದು.

ಫೋನಿನಲ್ಲಿ ನೀವು ಕೇಳಿದ ಪ್ರಶ್ನೆಗೆ ಉತ್ತರ ಅರ್ಧಕ್ಕೇ ನಿಂತಿತು. ಅಮ್ಮ ಮಗುವಿನ ಕೆಮ್ಮು ವಿಚಾರಿಸಲು ಫೋನ್ ಕಸಿದುಕೊಂಡರು. "ಅಷ್ಟು ಹಳೆಯ ಡೀಸೆಲ್ ಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಬಯಲು ದಾಟುತ್ತೀರಾ? ಹೊಸದೊಂದು ಬಾಡಿಗೆಗೆ ಸಿಗುವುದಿಲ್ಲವೇ?" ಎಂದಿರಿ. ಬಣಕಲ್ಲಿನಿಂದ ಮೂಡಿಗೆರೆ ಸಂತೆಗೆ ಇಂದಿಗೂ ಎಂಎಂ 540 ಜೀಪಿನಲ್ಲೇ ಹೋಗುವವರು ಈ ಪ್ರಶ್ನೆ ಕೇಳುವುದು ನ್ಯಾಯವೇ ಅಪ್ಪ? ಇರಲಿ, ಉತ್ತರ ಬರೆಯುತ್ತೇನೆ. ನಿಮ್ಮ ಅಳಿಯಂದಿರಿಗೆ ಈ ವಿಷಯ ಹೇಳಿದರೆ ಆಕಳಿಸುತ್ತಾರೆ. ನೀವು ಪೂರ್ತಿ ಓದುತ್ತೀರಿ ಎಂಬ ಧೈರ್ಯವಿದೆ.

ದಾರಿ ಮೊದಲು ಹೇಳಿಬಿಡುತ್ತೇನೆ. ಪರ್ತ್‌ನಿಂದ ಅಡಿಲೇಡ್‌ಗೆ ಸುಮಾರು 2,700 ಕಿ.ಮೀ. ನಡುವೆ ಸಿಗುವುದು ನಲ್ಲರ್ಬೋರ್ ಬಯಲು. ರಸ್ತೆ ಪೂರ್ತಿ ಡಾಂಬರಿನದು, ನಮ್ಮಲ್ಲಿಯ ಹಾಗೆಯೇ ಎಡಗಡೆ ಓಡಿಸಬೇಕು. ಬಲಡೋನಿಯಾದಿಂದ ಕೈಗೂನಾದ ಕಡೆಗೆ 146.6 ಕಿ.ಮೀ. ಒಂದೂ ತಿರುವಿಲ್ಲದ ನೇರ ದಾರಿ. ಚಾರ್ಮಾಡಿಯಲ್ಲಿ ಗಾಡಿ ಕಲಿತವಳಿಗೆ ಅಷ್ಟು ಹೊತ್ತು ಸ್ಟೀರಿಂಗ್ ತಿರುಗಿಸದೆ ಕೂರುವುದೇ ಶಿಕ್ಷೆ. ಡೀಸೆಲ್ ಬಂಕು, ಊಟ, ಕೋಣೆ ಎಲ್ಲ ಒಂದೇ ಕಡೆ ಇರುವ ರೋಡ್‌ಹೌಸ್‌ಗಳು ಹೆಚ್ಚೆಂದರೆ ಸುಮಾರು ಇನ್ನೂರು ಕಿ.ಮೀ. ಅಂತರದಲ್ಲಿ ಸಿಗುತ್ತವೆ. ನಮ್ಮ ಹಳೆಯ ಗಾಡಿ ಟೊಯೋಟಾ ಪ್ರಾಡೊಗೆ ಎರಡು ಟ್ಯಾಂಕ್ ಸೇರಿ 180 ಲೀಟರ್ ಹಿಡಿಯುತ್ತದೆ. ಆದ್ದರಿಂದ ಡೀಸೆಲ್ ಖಾಲಿಯಾಗಿ ನಿಲ್ಲುವ ಭಯ ನನಗಿಲ್ಲ. ಕ್ಯಾನುಗಳಲ್ಲಿ ಡೀಸೆಲ್ ಹೊತ್ತೊಯ್ಯಿರಿ ಎಂದು ಇಲ್ಲಿನ ಗೆಳೆಯರು ಹೇಳಿದ್ದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ.

ಎಂಜಿನ್ ನಿಮಗೆ ತೀರಾ ಅಪರಿಚಿತವಲ್ಲ. ನಮ್ಮ ದೇಶಕ್ಕೆ 2009ರಲ್ಲಿ ಬಂದ ಮೊದಲ ಫಾರ್ಚೂನರ್‌ನಲ್ಲಿ ಇದ್ದದ್ದು ಇದೇ ಮೂರು ಲೀಟರಿನ ಡೀಸೆಲ್. ಹಳೆಯ ಇನ್ನೋವಾದ ಎರಡೂವರೆ ಲೀಟರಿನದೂ ಇದೇ ಕುಟುಂಬದ್ದು. ಗಟ್ಟಿ ಎಂಜಿನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಒಂದು ಹುಟ್ಟುರೋಗವಿದೆ. ಅದನ್ನು ಅರಿಯದೆ ಆಯಿಲ್ ಬದಲಾಯಿಸಿ, ಟಯರಿಗೆ ಗಾಳಿ ಹಿಡಿಸಿ ಹೊರಟವರೇ ದಾರಿಯಲ್ಲಿ ನಿಲ್ಲುವುದು.

ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ನ ತುದಿ ಸಿಲಿಂಡರ್ ಹೆಡ್‌ನಲ್ಲಿ ಕೂರುವ ಜಾಗದಲ್ಲಿ ಒಂದು ಪುಟ್ಟ ವಾಷರ್ ಇರುತ್ತದೆ. ಗಾಡಿ ಬಹಳ ಓಡಿದ ಮೇಲೆ ಅದು ಸೋರಲು ಶುರುವಾಗುತ್ತದೆ. ಆಗ ಉರಿದ ಅನಿಲ ಸೈಲೆನ್ಸರ್ ಕಡೆ ಹೋಗುವ ಬದಲು ಮೇಲಕ್ಕೆ ನುಗ್ಗಿ ಎಂಜಿನ್ನಿನ ಮೇಲ್ಮುಚ್ಚಳವಾದ ರಾಕರ್ ಕವರ್ ಒಳಗಿನ ಆಯಿಲ್‌ಗೆ ಮಸಿ ಬೆರೆಸುತ್ತದೆ. ಆಯಿಲ್ ಮಂದವಾಗುತ್ತದೆ, ಒಳಗೆಲ್ಲ ಕಪ್ಪು ಅಂಟು ಕಟ್ಟುತ್ತದೆ. ಆ ಅಂಟು ಚಕ್ಕೆಚಕ್ಕೆಯಾಗಿ ಉದುರಿ ಕೆಳಗಿನ ಆಯಿಲ್ ತೊಟ್ಟಿಯಲ್ಲಿ, ಅಂದರೆ ಸಂಪ್‌ನಲ್ಲಿ, ಆಯಿಲ್ ಹೀರುವ ಪೈಪಿನ ಜಾಲರಿಗೆ ಬಂದು ಕೂರುತ್ತದೆ. ಅಮ್ಮನ ಕಾಫಿ ಫಿಲ್ಟರಿನ ತೂತುಗಳಿಗೆ ಪುಡಿ ಕಟ್ಟಿಕೊಂಡು ಡಿಕಾಕ್ಷನ್ ಇಳಿಯದೆ ನಿಲ್ಲುತ್ತದಲ್ಲ, ಹಾಗೆ. ಸಂಪ್‌ನಲ್ಲಿ ಆಯಿಲ್ ತುಂಬಿರುತ್ತದೆ, ಕಡ್ಡಿ ಎಳೆದು ನೋಡಿದರೆ ಮಟ್ಟವೂ ಸರಿಯಾಗಿಯೇ ಕಾಣುತ್ತದೆ, ಆದರೆ ಮೇಲೆ ಬೇರಿಂಗ್‌ಗಳಿಗೆ ಒಂದು ಹನಿಯೂ ಏರುವುದಿಲ್ಲ. ಕೆಂಪು ದೀಪ ಹೊತ್ತಿಕೊಳ್ಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಎಂಜಿನ್ ಸೀಜ್, ತಿರುಗದೆ ಹಿಡಿದುಕೊಂಡುಬಿಡುತ್ತದೆ.

ಹೀಗಾಗಿ ನಾನು ಮೊದಲು ಮಾಡಿಸಿದ್ದೇ ಸಂಪ್ ಬಿಚ್ಚಿಸುವ ಕೆಲಸ. ನಮ್ಮ ಬೀದಿಯ ಹತ್ತಿರದ ಗ್ಯಾರೇಜಿನವರು ಬಿಚ್ಚದೆಯೇ "ನಾಲ್ಕೂ ಇಂಜೆಕ್ಟರ್ ಹೊಸದು ಹಾಕೋಣ" ಎಂದು ದೊಡ್ಡ ಮೊತ್ತದ ಚೀಟಿ ಕೊಟ್ಟರು. ಜಾಲರಿ ನೋಡುವ ಮಾತು ಅದರಲ್ಲಿ ಇರಲೇ ಇಲ್ಲ. ಬೇರೆ ಕಡೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಸಿಕ್ಕರು. ಅವರು ಬಿಚ್ಚಿ, ಜಾಲರಿಯನ್ನು ನನ್ನ ಕೈಗೇ ಕೊಟ್ಟು ತೋರಿಸಿದರು. ಅಂಚಿನಲ್ಲಿ ಸ್ವಲ್ಪ ಕಪ್ಪು ಹಿಡಿದಿತ್ತು, ಅಷ್ಟೆ. ತೊಳೆದು ಕೂರಿಸಿ, ನಾಲ್ಕೂ ಕಡೆ ವಾಷರ್ ಹೊಸದು ಹಾಕಿ, ಇಂಜೆಕ್ಟರ್‌ಗಳನ್ನು ಪರೀಕ್ಷೆಗೆ ಕಳುಹಿಸಿದರು. ಒಂದು ಮಾತ್ರ ಬದಲಾಯಿಸಬೇಕಾಯಿತು. ನಿಮ್ಮ ಮೂಡಿಗೆರೆಯ ಮೇಸ್ತ್ರಿಗೂ ಇವರಿಗೂ ಭಾಷೆ ಬಿಟ್ಟರೆ ವ್ಯತ್ಯಾಸವೇ ಇಲ್ಲ. ಮಾತು ಕಡಿಮೆ, ಬೈಗುಳ ಪೂರ್ತಿ ಹಿಂದಿನ ಮಾಲೀಕನಿಗೆ.

ವಾಲ್ವ್‌ಗಳನ್ನು ಪಿಸ್ಟನ್ ಓಟಕ್ಕೆ ಹೊಂದಿಸುವ ಟೈಮಿಂಗ್ ಬೆಲ್ಟ್‌ಗೆ ಒಂದೂವರೆ ಲಕ್ಷ ಕಿ.ಮೀ. ಆಯುಸ್ಸು. ಮೀಟರ್ ಮೂರು ಲಕ್ಷದ ಹತ್ತಿರ ಬಂದಿದೆ, ಅಂದರೆ ಎರಡನೆಯ ಸಲ ಬದಲಾಯಿಸುವ ಕಾಲ. ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಅದರ ಜೊತೆಗೇ ವಾಟರ್ ಪಂಪ್, ಫ್ಯಾನ್ ಬೆಲ್ಟ್‌ಗಳು, ರೇಡಿಯೇಟರಿನ ಮೇಲಿನ ಕೆಳಗಿನ ಹೋಸ್‌ಗಳು ಎಲ್ಲ ಹೊಸವಾದವು. ಹಳೆಯ ಗಾಡಿಯಲ್ಲಿ ಕಬ್ಬಿಣಕ್ಕಿಂತ ಮೊದಲು ಸೋಲುವುದು ರಬ್ಬರ್ ಮತ್ತು ಪ್ಲಾಸ್ಟಿಕ್. ರೇಡಿಯೇಟರನ್ನೂ ಬಿಡಲಿಲ್ಲ. ನಮ್ಮದು ಆಟೋಮ್ಯಾಟಿಕ್ ಗಾಡಿ, ಗೇರ್ ಆಯಿಲ್ ತಣ್ಣಗಾಗುವುದೂ ಅದೇ ರೇಡಿಯೇಟರಿನ ಒಳಗೆ. ಒಳಗಿನ ಗೋಡೆ ಬಿರುಕು ಬಿಟ್ಟರೆ ಎಂಜಿನ್ ತಂಪಾಗಿಸುವ ಕೂಲೆಂಟ್ ಗೇರ್‌ಬಾಕ್ಸ್‌ಗೆ ಸೇರಿ, ಒಂದರ ಬದಲು ಎರಡು ಹಾಳು. ಹೊಸ ರೇಡಿಯೇಟರಿನ ಬೆಲೆ ಕೇಳಿ ಅಳಿಯಂದಿರ ಮುಖ ಸಣ್ಣದಾಯಿತು. ಗೇರ್‌ಬಾಕ್ಸಿನ ಬೆಲೆ ಹೇಳಿದ ಮೇಲೆ ಸುಮ್ಮನಾದರು.

ಡೀಸೆಲ್ ಫಿಲ್ಟರ್ ಹೊಸದು ಹಾಕಿ, ಇನ್ನೊಂದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ. ನಿಮ್ಮ ಜೀಪಿನ ಪೂಜೋ ಎಂಜಿನ್ ಸ್ವಲ್ಪ ನೀರು ಕುಡಿದರೂ ಕೆಮ್ಮಿ ಮುಂದೆ ಹೋಗುತ್ತದೆ. ಏರ್ ಹಿಡಿದರೆ ನೀವೇ ಪಂಪ್ ಒತ್ತಿ ಏರ್ ತೆಗೆದು ಎಬ್ಬಿಸುತ್ತೀರಿ. ನಮ್ಮ ಪ್ರಾಡೊದ್ದು ಕಾಮನ್ ರೈಲ್, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಡೀಸೆಲ್ ಹಂಚುವಂಥದ್ದು. ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳಿಗೆ ನೀರೆಂದರೆ ವಿಷ. ಈ ಒಂದು ವಿಷಯದಲ್ಲಿ ನಿಮ್ಮ ಜೀಪೇ ಮೇಲು, ಒಪ್ಪುತ್ತೇನೆ.

ಮನೆಯಲ್ಲಿ ಜಗಳವಾದದ್ದು ಬೇರೆ ವಿಷಯಕ್ಕೆ. ಅಳಿಯಂದಿರಿಗೆ ಮೇಲೆ ಡೇರೆ, ಮುಂದೆ ಸಾಲು ದೀಪ, ಹಿಂದೆ ಫ್ರಿಜ್ ಎಲ್ಲ ಬೇಕು. ರಾತ್ರಿ ನಾವು ಓಡಿಸುವುದೇ ಇಲ್ಲ, ದೀಪ ಯಾರಿಗೆ? ಸಂಜೆಯಾದರೆ ಕಾಂಗರೂಗಳು ರಸ್ತೆಗೆ ಬರುತ್ತವೆ. ನಮ್ಮ ಕಡೆ ಕಾಡುಕೋಣ ಎದುರಾದಾಗ ಇಂಜಿನ್ ಆಫ್ ಮಾಡಿ ಕಾಯುವ ಅವಕಾಶವಾದರೂ ಇರುತ್ತದೆ. ಇವು ಪೊದೆಯಿಂದ ನೇರ ಬಾನೆಟ್ ಮೇಲೆ ಹಾರುತ್ತವೆ. ಆದ್ದರಿಂದ ಸೂರ್ಯ ಇಳಿಯುವ ಮೊದಲೇ ರೋಡ್‌ಹೌಸ್ ಸೇರಿಬಿಡುವುದು. ಡೇರೆಯಂತೂ ಗಾಳಿಗೆ ಎದೆಯೊಡ್ಡಿ ಡೀಸೆಲ್ ಕುಡಿಸುತ್ತದೆ. ಮೇಲೆ ಭಾರ ಹೆಚ್ಚಿದಷ್ಟೂ ಗಾಡಿ ಓಲಾಡುತ್ತದೆ. ಕೊನೆಗೆ ಪುಟ್ಟನ ಹಾಲಿನ ನೆಪದಲ್ಲಿ ಫ್ರಿಜ್ ಗೆದ್ದಿತು, ಉಳಿದೆರಡು ಸೋತವು. ಆ ದುಡ್ಡಿನಲ್ಲಿ ಐದು ಟಯರ್ ಬಂದವು. ಸ್ಟೆಪ್ನಿಯೂ ಸೇರಿ ಐದು.

ಟಯರ್ ಎಂದಾಗ ನೆನಪಾಯಿತು. ನಿಮ್ಮ ಜೀಪಿನ ಹಿಂದೆ ನೇತಾಡುವ ಸ್ಟೆಪ್ನಿಯ ಬದಿಯಲ್ಲಿ DOT ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2314 ಎಂದಿದ್ದರೆ 2014ರ 23ನೆಯ ವಾರ ತಯಾರಾದದ್ದು ಎಂದರ್ಥ. ಒಂದು ಬದಿಯಲ್ಲಿ ಕಾಣದಿದ್ದರೆ ಇನ್ನೊಂದು ಬದಿ ನೋಡಿ. ಗೀರು ಆಳವಾಗಿದೆ, ಹೊಸದರ ಹಾಗಿದೆ ಎಂದು ನೀವು ಹೇಳುತ್ತೀರಿ, ನನಗೆ ಗೊತ್ತು. ಹತ್ತು ವರ್ಷ ದಾಟಿದ್ದರೆ ಗೀರು ಎಷ್ಟೇ ಇರಲಿ, ದಯವಿಟ್ಟು ತೆಗೆಸಿಬಿಡಿ. ಬಿಸಿಲಿಗೂ ಮಳೆಗೂ ಒಡ್ಡಿಕೊಂಡ ರಬ್ಬರ್ ಒಳಗೇ ಬಿರಿದಿರುತ್ತದೆ.

ಬ್ರೇಕ್ ಆಯಿಲ್ ಕೂಡ. ಆ ಬಯಲಿನಲ್ಲಿ ನನಗೆ ಬ್ರೇಕಿನ ಕೆಲಸವೇ ಕಡಿಮೆ, ಆದರೂ ಬದಲಾಯಿಸಿದೆ. ಧರ್ಮಸ್ಥಳಕ್ಕೆಂದು ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವವರು ನೀವು. ಆ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ. ನಮ್ಮ ಮಳೆಯ ಊರಿನಲ್ಲಿ ತೇವಕ್ಕೇನು ಕೊರತೆ? ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ. ಕುದಿದರೆ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕೆಂದು ನೀವು ಕಲಿಸಿದ್ದು ಸರಿ, ಆದರೂ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕು. ತಮ್ಮನನ್ನು ಚಿಕ್ಕಮಗಳೂರಿಗೆ ಕಳುಹಿಸಿ ಒಳ್ಳೆಯ ಡಬ್ಬಿ ತರಿಸಿ. ಅಂಗಡಿಯಲ್ಲಿ ಸೀಲ್ ಒಡೆದು ಬಿಡಿಯಾಗಿ ಕೊಡುವುದು ಬೇಡ.

ಇಷ್ಟೆಲ್ಲ ಮಾಡಿಸಿದ ಗಾಡಿಯನ್ನು ನೇರವಾಗಿ ಬಯಲಿಗೆ ಒಯ್ಯುವುದಿಲ್ಲ. ಮುಂದಿನ ವಾರ ಆಲ್ಬನಿಗೆ ಹೋಗಿಬರುತ್ತೇವೆ. ಹೋಗಿಬರುವ ದಾರಿ ಎಂಟುನೂರು ಕಿ.ಮೀ.ಗೂ ಹೆಚ್ಚು. ಬಿಚ್ಚಿ ಕಟ್ಟಿದ ಎಂಜಿನ್‌ನಲ್ಲಿ ಯಾವುದೋ ಕ್ಲಿಪ್ ಸಡಿಲವಿದ್ದರೆ, ಯಾವುದೋ ಹೋಸ್ ಜಿನುಗಿದರೆ, ಅದು ಊರಿನ ಹತ್ತಿರವೇ ಗೊತ್ತಾಗಲಿ.

ಬಲಡೋನಿಯಾ ಎಂದೆನಲ್ಲ, ಆ ಊರು ನಿಮಗೆ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೆ. 1979ರ ಜುಲೈನಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆಂದು ಊರಿಗೆ ಊರೇ ಹೆದರಿ, ಸಾಯುವ ಮೊದಲು ತಿಂದುಬಿಡೋಣ ಎಂದು ಅಜ್ಜ ಸಾಕಿದ ಹುಂಜ ಕೊಯ್ಯಿಸಿದ ಕಥೆ ಹೇಳುತ್ತಿದ್ದಿರಿ. ಆ ಸ್ಕೈಲ್ಯಾಬ್‌ನ ತುಂಡುಗಳು ಉದುರಿದ್ದು ಎಸ್ಪೆರೆನ್ಸ್‌ನಿಂದ ಈ ಬಲಡೋನಿಯಾದ ಸುತ್ತಮುತ್ತಲವರೆಗೆ. ಅಲ್ಲಿನ ರೋಡ್‌ಹೌಸ್‌ನಲ್ಲಿ ಅದರ ನೆನಪಿಗೆ ಪುಟ್ಟ ಮ್ಯೂಸಿಯಂ ಇದೆ. ಫೋಟೊ ತೆಗೆದು ಕಳುಹಿಸುತ್ತೇನೆ. ಅಜ್ಜನ ಹುಂಜ ಸುಮ್ಮಸುಮ್ಮನೆ ಸತ್ತಿತು.

ಅಮ್ಮನಿಗೆ ಹೇಳಿ, ಚಟ್ನಿಪುಡಿ, ಅವಲಕ್ಕಿ, ಮಿಡಿ ಉಪ್ಪಿನಕಾಯಿ ಎಲ್ಲ ಕಟ್ಟಿಕೊಂಡಿದ್ದೇವೆ. ಹಣ್ಣು, ಹಸಿ ತರಕಾರಿ ಮಾತ್ರ ಬಯಲಿನಾಚೆಯ ಸೆಡೂನಾ ಊರಿಗೆ ಮೊದಲೇ ಮುಗಿಸಬೇಕು, ಅಲ್ಲಿ ಗಾಡಿ ನಿಲ್ಲಿಸಿ ತಪಾಸಣೆ ಮಾಡಿ ಕಿತ್ತುಕೊಳ್ಳುತ್ತಾರೆ. ಕುಡಿಯುವ ನೀರು ಬೇಕಾದಷ್ಟು ಹಾಕಿಕೊಂಡು ಹೋಗುತ್ತೇವೆ, ದಾರಿಯಲ್ಲಿ ನೀರಿಗೆ ಬರ.

ಇನ್ನು ಮುಖ್ಯವಾದದ್ದು. ಎರಡು ರೋಡ್‌ಹೌಸ್‌ಗಳ ನಡುವೆ ಬಹಳ ದೂರ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹಗಲು ಫೋನ್ ಹತ್ತದಿದ್ದರೆ ಗಾಬರಿಯಾಗಬೇಡಿ. ಪ್ರತಿ ರಾತ್ರಿ ತಂಗುವ ಕಡೆಯಿಂದ ತಮ್ಮನಿಗೆ ಮೆಸೇಜ್ ಹಾಕುತ್ತೇನೆ. ತೀರಾ ಕಷ್ಟ ಬಂದರೆ ಗುಂಡಿ ಒತ್ತಿದ ಕೂಡಲೇ ಉಪಗ್ರಹದ ಮೂಲಕ ನಾವಿರುವ ಜಾಗ ತಿಳಿಸುವ ಪುಟ್ಟ ಬೀಕನ್ ತೆಗೆದುಕೊಂಡಿದ್ದೇನೆ. ಆ ಹೆದ್ದಾರಿಯ ಮೇಲೆ ಕೆಲವು ಕಡೆ ರನ್‌ವೇ ಗುರುತು ಬಳಿದಿದ್ದಾರೆ, ತುರ್ತು ಬಂದರೆ ವೈದ್ಯರ ವಿಮಾನ ರಸ್ತೆಗೇ ಇಳಿಯುತ್ತದೆ. ಇದನ್ನು ಅಮ್ಮನಿಗೆ ಹೇಳಬೇಕೋ ಬೇಡವೋ ನೀವೇ ಯೋಚಿಸಿ. ಧೈರ್ಯ ಬರುವ ಬದಲು ಹೆದರಿಬಿಡುತ್ತಾರೆ.

ಸೆಡೂನಾ ಮುಟ್ಟಿದ ಕೂಡಲೇ ಫೋನ್ ಮಾಡುತ್ತೇನೆ. ಅಷ್ಟರೊಳಗೆ ಸ್ಟೆಪ್ನಿಯ ನಾಲ್ಕು ಅಂಕಿ ನೋಡಿ ಬರೆದಿಟ್ಟಿರಿ, ಕೇಳುತ್ತೇನೆ.

ಇಂತಿ ನಿಮ್ಮ ಪ್ರೀತಿಯ
ಮಗಳು