ಪಿಸ್ಟನ್ನಿನ ತಲೆ ಅಳೆಯಬೇಡ ಮಾರಾಯ

ಗೆಳೆಯಾ,

ಅಪ್ಪನ ಪದ್ಮಿನಿ ಕಾರಿನ ಇಂಜಿನ್ ಇಳಿಸಿದ್ದೀಯ ಅಂತ ಓದಿ ಖುಷಿಯಾಯಿತು, ಸ್ವಲ್ಪ ಭಯವೂ ಆಯಿತು. ಬಿಚ್ಚೋದರಲ್ಲಿ ನೀನು ಎಷ್ಟು ಚುರುಕು ಅಂತ ನನಗೆ ಗೊತ್ತಿಲ್ಲವೇ? ಹೈಸ್ಕೂಲಿನಲ್ಲಿ ನೀನು ಬಿಚ್ಚಿದ ನನ್ನ ಅಲಾರಾಂ ಗಡಿಯಾರ ಇವತ್ತಿಗೂ ಡಬ್ಬಿಯಲ್ಲೇ ಇದೆ.

ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡೋ ಪಿಸ್ಟನ್ ಅಲ್ಲಾಡುತ್ತೆ, ಹೊಸ ಸೆಟ್ ತಂದು ಸಿಲಿಂಡರುಗಳನ್ನು ಬೋರ್ ಮಾಡಿಸಿಬಿಡಲಾ, ಅಂದರೆ ಕೊರೆಸಿ ಅಗಲ ಮಾಡಿಸಲಾ ಅಂತ ಕೇಳಿದ್ದೀಯ. ಮಾಡಿಸು. ಆದರೆ ಮೊದಲು ನನ್ನ ಮಾನ ಹೋದ ಕಥೆ ಕೇಳು.

ಆರು ವರ್ಷದ ಹಿಂದೆ ನನ್ನ ಗಾಡಿಯ ಬ್ಲಾಕನ್ನು, ಅಂದರೆ ಸಿಲಿಂಡರುಗಳಿರೋ ಇಂಜಿನ್ನಿನ ಒಡಲನ್ನು, ಓವರ್‌ಸೈಜಿಗೆ (ಒಂದಳತೆ ದೊಡ್ಡ ಪಿಸ್ಟನ್ನಿಗೆ) ಬೋರ್ ಮಾಡಿಸಿ ಮನೆಗೆ ತಂದೆ. ಕೂದಲೆಳೆಯಷ್ಟನ್ನೂ ಅಳೆಯೋ ಮೈಕ್ರೋಮೀಟರ್ ಹೊಸದಾಗಿ ಕೊಂಡ ಉಮೇದು ಬೇರೆ. ಪಿಸ್ಟನ್ನಿನ ತಲೆ ಅಳೆದೆ, ಬೋರ್ (ಸಿಲಿಂಡರಿನ ತೂತು) ಅಳೆದೆ, ಕಳೆದು ನೋಡಿದರೆ ಹೆಚ್ಚುಕಡಿಮೆ 0.35 ಮಿ.ಮೀ. ಸಂದು! ನೇರ ಲೇತ್ ಅಂಗಡಿಗೆ ಹೋಗಿ, ಬ್ಲಾಕ್ ಹಾಳು ಮಾಡಿಬಿಟ್ರಿ ಅಂತ ಕೂಗಾಡಿದೆ. ಅಲ್ಲಿನ ಹಿರಿಯರು ಒಂದು ಮಾತೂ ಆಡಲಿಲ್ಲ. ಪಿಸ್ಟನ್ ಇಸ್ಕೊಂಡು ತಲೆಕೆಳಗು ಮಾಡಿ, ರಾಡು ಸಿಕ್ಕಿಸೋ ಪಿನ್ನಿನ ತೂತಿಗೆ ಅಡ್ಡವಾಗಿ, ಸ್ಕರ್ಟಿನ (ಪಿಸ್ಟನ್ನಿನ ಬುಡದ ಗೋಡೆಯ) ಕೆಳಭಾಗಕ್ಕೆ ನನ್ನದೇ ಮೈಕ್ರೋಮೀಟರ್ ಹಿಡಿದು, "ಈಗ ಓದಿ" ಅಂದರು. ಸಂದು 0.05. ಅವತ್ತಿನ ಟೀ, ಬನ್ನು ಎಲ್ಲ ನನ್ನ ಲೆಕ್ಕ.

ಪಿಸ್ಟನ್ ದುಂಡಗೆ ಕಾಣುತ್ತೆ ಅಷ್ಟೇ, ದುಂಡಗಿಲ್ಲ ಕಣೋ. ತಲೆ ಸಣ್ಣ, ಬುಡ ಅಗಲ. ಪಿನ್ನಿನ ದಿಕ್ಕಿಗೆ ಕಿರಿದು, ಅದಕ್ಕೆ ಅಡ್ಡ ಅಗಲ. ಬೆಂಕಿ ತಾಗೋದು ತಲೆಗಾದ್ದರಿಂದ ಅಲ್ಲಿ ಹೆಚ್ಚು ಹಿಗ್ಗುತ್ತೆ. ಪಿನ್ ಕೂರೋ ಕಡೆ ಲೋಹ ದಪ್ಪ, ಅಲ್ಲೂ ಜಾಗ ಬಿಟ್ಟಿರಬೇಕು. ಮೇಲಾಗಿ ಪಿಸ್ಟನ್ ಅಲ್ಯೂಮಿನಿಯಂ, ಬ್ಲಾಕು ಬೀಡುಕಬ್ಬಿಣ. ಪದ್ಮಿನಿಯ ಬೋರು 68 ಮಿ.ಮೀ. ತಾನೆ? ಅಷ್ಟು ಅಗಲದ ಅಲ್ಯೂಮಿನಿಯಂ ನೂರು ಡಿಗ್ರಿ ಬಿಸಿಯೇರಿದರೆ ಸುಮಾರು 0.15 ಹಿಗ್ಗುತ್ತೆ, ಬೀಡು ಹಿಗ್ಗೋದು ಅದರ ಅರ್ಧ. ಸಂದು ಕಮ್ಮಿಯಾದರೆ ಮೊದಲ ಘಾಟಿಯಲ್ಲೇ ಇಂಜಿನ್ ಜಾಮ್. ಜಾಸ್ತಿಯಾದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಬಡಿದು, ಬಿಸಿಯಾದ ಮೇಲೆ ಸದ್ದಡಗುತ್ತೆ. ಎರಡರಲ್ಲಿ ಒಂದು ಅಂದರೆ ನಾನು ಟಕಟಕವನ್ನೇ ತಗೋತೀನಿ.

ಅದಕ್ಕೇ, ಪಿಸ್ಟನ್ ಮೊದಲು ಕೊಂಡುಕೋ, ಬೋರ್ ಆಮೇಲೆ. ನಾಲ್ಕಕ್ಕೂ ನಂಬರ್ ಬರೆದು ಲೇತ್‌ನವರ ಕೈಗೆ ಕೊಡು, ಒಂದೊಂದು ಸಿಲಿಂಡರನ್ನೂ ಅದರದೇ ಪಿಸ್ಟನ್ನಿಗೆ ತಕ್ಕಂತೆ ಹೋನ್ ಮಾಡಲಿ, ಅಂದರೆ ಒಳಗೋಡೆ ಉಜ್ಜಿ ಅಳತೆಗೆ ತರಲಿ. ಸಂದು ಎಷ್ಟಿರಬೇಕು ಅನ್ನೋದಕ್ಕೆ ಪಿಸ್ಟನ್ ತಯಾರಿಸಿದವರು ಕೊಟ್ಟ ಅಂಕಿಯೇ ವೇದವಾಕ್ಯ, ನನ್ನ 0.05 ಅಲ್ಲ. ಮೆಷಿನ್‌ನಿಂದ ಇಳಿದ ಬ್ಲಾಕ್ ಬೆಚ್ಚಗಿರುತ್ತೆ, ಪೂರಾ ತಣ್ಣಗಾಗಲಿ. ಆಮೇಲೆ ತೂತಿನ ಒಳ ಅಗಲ ಅಳೆಯೋ ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಎರಡು ದಿಕ್ಕಿನಲ್ಲಿ ಅಳೆ. ನಾಲ್ಕು ಸಿಲಿಂಡರಿಗೆ ಒಟ್ಟು 24 ಸಲ. ಬೇಜಾರಾಗುತ್ತೆ, ಆಗಲಿ.

ಬೋರ್ ಗೇಜ್ ಸಿಗದಿದ್ದರೆ ಹಳೇ ಉಪಾಯವೊಂದಿದೆ. ಸುತ್ತ ಕೂರೋ ರಿಂಗುಗಳನ್ನು ತೆಗೆದ ಪಿಸ್ಟನ್ನನ್ನು ತಲೆಕೆಳಗಾಗಿ ಬೋರಿಗೆ ಬಿಟ್ಟು, ಪಿನ್ನಿಗೆ ಅಡ್ಡದ ಬದಿಯಲ್ಲಿ ಉದ್ದನೆಯ ಫೀಲರ್ ಪಟ್ಟಿ (ದಪ್ಪ ಗೊತ್ತಿರೋ ತೆಳು ಉಕ್ಕಿನ ಪಟ್ಟಿ) ತೂರಿಸಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯೋದು. ತೀರಾ ಬಿಗಿಯೂ ಅಲ್ಲ, ಜಾರಿಯೂ ಬರಬಾರದು. ಕೈ ಪಳಗಿದವರಿಗೆ ಸರಿ, ನಮ್ಮಂಥವರಿಗೆ ಅಂದಾಜಿಗಷ್ಟೇ.

ರಿಂಗ್ ಬಾಯಿಯ, ಅಂದರೆ ಅದರ ಎರಡು ತುದಿಗಳ ನಡುವಿನ, ಸಂದನ್ನೂ ನೋಡು. ರಿಂಗನ್ನು ಬೋರಿಗಿಟ್ಟು ಪಿಸ್ಟನ್ನಿನ ತಲೆಯಿಂದಲೇ ಒಂದಿಂಚು ಕೆಳಗೆ ತಳ್ಳಿದರೆ ನೆಟ್ಟಗೆ ಕೂರುತ್ತೆ. 0.2ರಿಂದ 0.3 ಮಿ.ಮೀ. ಸಾಕು.

ನನ್ನ ಮೈಕ್ರೋಮೀಟರನ್ನು ಶುಕ್ರವಾರದ ಬಸ್ಸಿಗೆ ಹಾಕ್ತೀನಿ. 50ರಿಂದ 75 ಮಿ.ಮೀ. ಅಳೆಯೋದು, ನಿನ್ನ ಪಿಸ್ಟನ್ನಿಗೆ ಸರಿಹೋಗುತ್ತೆ. ಅದನ್ನು ಮಾತ್ರ ಬಿಚ್ಚಬೇಡ.

ನಿನ್ನವ