ಚಿಕಿತ್ಸಕರೂ ಅಮಲಿನ ರುಚಿ ನೋಡಿರಬೇಕೇ?

ಮಾನ್ಯರೆ,

ಕೆಲವು ಅಣಬೆಗಳಲ್ಲಿರುವ ಸೈಲೋಸೈಬಿನ್, 'ಎಕ್ಸ್‌ಟಸಿ' ಎನ್ನುವ ಎಂಡಿಎಂಎಯಂಥ ಅಮಲುಪದಾರ್ಥ ಕೊಟ್ಟು ಖಿನ್ನತೆ, ಮಾನಸಿಕ ಆಘಾತಗಳಿಗೆ ಚಿಕಿತ್ಸೆ ಮಾಡುವವರು ತಾವೂ ಅವನ್ನು ಸೇವಿಸಿರಬೇಕು ಎಂಬ ವಾದವಿದೆ. ಗೋಕರ್ಣದ ಕುಡ್ಲೆ ತೀರದಲ್ಲಿ ಸಂಜೆ ಕೂತರೆ ನಮ್ಮ ಹುಡುಗರ ಬಾಯಲ್ಲೂ ಕೇಳುತ್ತದೆ. ನನಗಿದು ಒಪ್ಪಿಗೆಯಿಲ್ಲ.

ಆಪರೇಷನ್ ಥಿಯೇಟರಿನಲ್ಲಿ ದಾದಿಯಾಗಿದ್ದಾಗ, ಅರಿವಳಿಕೆಗೆ ಕೊಡುವ ಕೆಟಮಿನ್ ಮಂಪರಿನಿಂದ ಏಳುವವರನ್ನು ಎಷ್ಟೋ ಸಲ ನೋಡಿದ್ದೇನೆ. ಕಣ್ಣು ತೆರೆದೇ ಇರುತ್ತದೆ, ಗುಡ್ಡೆ ಅತ್ತಿತ್ತ ಓಡುತ್ತದೆ. 'ಗೋಡೆ ಮೈಮೇಲೆ ಬರ್ತಾ ಉಂಟು ಸಿಸ್ಟರೇ' ಎಂದು ಕೈ ಬಿಗಿಹಿಡಿಯುತ್ತಾರೆ. ದೀಪ ತಗ್ಗಿಸಿ, ಮೆಲ್ಲಗೆ ಹೆಸರು ಹಿಡಿದು ಕರೆಯುತ್ತ ಕೂತರೆ ತಣ್ಣಗಾಗುತ್ತಾರೆ. ಇದನ್ನು ಕಲಿಯಲು ನಾನೇನೂ ಕೆಟಮಿನ್ ಚುಚ್ಚಿಸಿಕೊಳ್ಳಲಿಲ್ಲ.

ಸ್ವಂತ ಅನುಭವವಿದ್ದರೆ ರೋಗಿಯ ಭಯ ಬೇಗ ಅರ್ಥವಾದೀತು, ನಿಜ. ಆದರೆ ತನಗೆ ಕಂಡದ್ದನ್ನೇ ಅವರಲ್ಲೂ ಹುಡುಕುವ ಚಾಳಿ ಅಂಟಿಕೊಂಡರೆ? ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಅಧಿಕೃತ ಮನೋವೈದ್ಯರು ಸೈಲೋಸೈಬಿನ್, ಎಂಡಿಎಂಎಗಳನ್ನು ಬರೆದುಕೊಡಬಹುದು. ತಾವು ಸೇವಿಸಿರಬೇಕೆಂಬ ಷರತ್ತು ಅಲ್ಲಿಲ್ಲ. ನಮ್ಮಲ್ಲಂತೂ ಮಾದಕವಸ್ತು ಸೇವನೆಯನ್ನೇ ಅಪರಾಧವೆನ್ನುವ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಇಂಥ ಷರತ್ತು ಹಾಕಿದರೆ ವೈದ್ಯರ ತರಬೇತಿ ಠಾಣೆಯಲ್ಲೇ ಮುಗಿದೀತು!

ಮುಂದೆಂದಾದರೂ ಈ ಚಿಕಿತ್ಸೆ ಇಲ್ಲಿಗೆ ಬಂದರೆ, ಚಿಕಿತ್ಸಕರು ಏನು ಸೇವಿಸಿದ್ದಾರೆಂದು ಕೇಳುವುದಕ್ಕಿಂತ ಅವರ ಮೇಲೆ ಯಾರು ಕಣ್ಣಿಟ್ಟಿದ್ದಾರೆಂದು ಮೊದಲು ಕೇಳೋಣ.

– ನಿವೃತ್ತ ಶುಶ್ರೂಷಕಿ, ಕುಮಟಾ