ಕಾವೇರಿ ಆಗಿಬಿಟ್ರ ಅಂತ ಕೇಳಿದ ಮಗಳಿಗೆ

ಕಲಬುರಗಿ

ಚಿ. ಸೌ. ಮಗಳಿಗೆ ದೊಡ್ಡವ್ವನ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿ ನಾಲ್ಕು ದಿನವಾಯಿತು. ಕೂಸಿನ ತೂಕ, ತೊಟ್ಟಿಲು, ಬೆಂಗಳೂರಿನ ಚಳಿ ಎಲ್ಲ ಓದಿದೆ. ಕಡೆಗೆ ಸಹಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದಿ: "ದೊಡ್ಡವ್ವ, ನಾನೂ ಕಾವೇರಿ ಆಗಿಬಿಟ್ರ?" ನಾಲ್ಕು ದಿನದಿಂದ ಆ ಸಾಲು ಬಿಟ್ಟು ಮುಂದೆ ಹೋಗಲು ನನಗೆ ಆಗಿಲ್ಲ.

ಬಾಣಂತನದ ಮಾತು ನಿಮ್ಮವ್ವ ಹೇಳಿದ್ದಾಳೆ, ನಾನು ಬರೆಯುವುದಿಲ್ಲ. ಮನೆಮಂದಿಯೆಲ್ಲ ಕೂತು ಟಿ.ವಿ.ಯಲ್ಲಿ ಶರಪಂಜರ ಚಿತ್ರ ನೋಡುವಾಗ, ಬಾಣಂತನದಲ್ಲಿ ಮನಸ್ಸು ಕೆಟ್ಟು ಗುಣವಾಗಿದ್ದ ಕಾವೇರಿಯ ಬುದ್ಧಿ ಮತ್ತೆ ಕದಡುವ ಹೊತ್ತಿಗೆ ಯಾರೋ ನಕ್ಕರು, ನೀನು ಕೂಸಿಗೆ ಹಾಲು ಕುಡಿಸುವ ನೆವದಲ್ಲಿ ಒಳಗೆ ಎದ್ದುಹೋದಿ ಅಂದೆಯಲ್ಲ. ಆ ನಗು ನನಗೆ ಗೊತ್ತು, ಮಗಳೆ. ಅದನ್ನು ನಾನು ಹದಿನೇಳನೇ ವಯಸ್ಸಿನಲ್ಲೇ ಕೇಳಿದ್ದೇನೆ.

ಆ ಚಿತ್ರ 1971ರದು. ನಮ್ಮೂರು ಆಗಿನ್ನೂ ಗುಲ್ಬರ್ಗ. ಹೆಚ್ಚಾಗಿ ಹಿಂದಿ ಚಿತ್ರಗಳನ್ನೇ ನೋಡುತ್ತಿದ್ದ ನಮಗೆ ಅಂದು ಕಾವೇರಿಯಾಗಿ ಕಲ್ಪನಾ ಎದುರಿಗೆ ಬಂದು ನಿಂತಳು. ಟಾಕೀಸಿನಲ್ಲಿ ನಾನು, ನಿಮ್ಮವ್ವನ ಸೋದರತ್ತಿ, ಓಣಿಯ ಹೆಂಗಸರು ಎಲ್ಲರೂ ಸೆರಗು ತೊಯ್ಯುವ ಹಾಗೆ ಅತ್ತೆವು. ಮನೆಗೆ ಬಂದು ಕಟ್ಟೆಯ ಮೇಲೆ ಕೂತೊಡನೆ ಮಾತೇ ಬೇರೆಯಾಯಿತು. "ಲಗ್ನದ ಮುಂಚಿನ ಮಾತು ಮುಚ್ಚಿಟ್ಟಳು, ಅನುಭವಿಸಿದಳು" ಅಂದರು. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಇನ್ನೊಬ್ಬಳ ಹಿಂದೆ ಹೋದ ಸತೀಶನಿಗೆ ಮಾತ್ರ "ಗಂಡಸು, ಏನ್ ಮಾಡ್ಯಾನು" ಅಂತ ಕ್ಷಮೆ ಸಿಕ್ಕಿತು. ನಾನೂ ತಲೆ ಆಡಿಸಿದೆ. ತ್ರಿವೇಣಿಯವರು ಮನಃಶಾಸ್ತ್ರ ಓದಿದ ಹೆಣ್ಣುಮಗಳು. ಬಾಣಂತಿಯ ಮನಸ್ಸು ಕೆಡುವುದನ್ನು ಪಾಪದ ಫಲ ಅಂತಲ್ಲ, ಕಾಯಿಲೆ ಅಂತಲೇ ಕಾದಂಬರಿಯಲ್ಲಿ ಬರೆದಿದ್ದರು. ಪುಟ್ಟಣ್ಣನವರು ಅದನ್ನೇ ತೆರೆಗೆ ತಂದಿದ್ದರು. ನಮಗೆ ಕಂಡದ್ದು ಪಾಪವೊಂದೇ.

ಎರಡು ವರ್ಷ ಬಿಟ್ಟು ಎಡಕಲ್ಲು ಗುಡ್ಡದ ಮೇಲೆ ಅನ್ನುವ ಚಿತ್ರ ಬಂತು. ಯುದ್ಧದಲ್ಲಿ ಗಾಯಗೊಂಡ ಗಂಡ, ಬೇರೊಬ್ಬನ ಕಡೆ ವಾಲುವ ಹೆಂಡತಿ. ಹೆಣ್ಣುಮಕ್ಕಳು ನೋಡುವ ಚಿತ್ರ ಅಲ್ಲ ಅಂದರು ಅಪ್ಪ. ಗಂಡಸರು ನೋಡಿ ಬಂದು ಅವಳಿಗೇ ಬೈದರು. ನಾನು ಅದನ್ನು ನೋಡುವ ಹೊತ್ತಿಗೆ ನನ್ನ ಮಕ್ಕಳಿಗೇ ಲಗ್ನವಾಗಿತ್ತು.

ಇನ್ನು ಬರೆಯಲು ಕೈ ಹಿಂದೆಗೆಯುವ ಮಾತು. ನಿಮ್ಮವ್ವನಿಗೂ ನಾನಿದನ್ನು ಹೇಳಿಲ್ಲ.

ನಾನು ಹೊಸದಾಗಿ ಈ ಮನೆಗೆ ಸೊಸೆಯಾಗಿ ನಡೆಯಲು ಬಂದಾಗ ಎದುರು ಮನೆಯ ಸೊಸೆ ನನಗೆ ಗೆಳತಿ. ರೊಟ್ಟಿ ತೆಳ್ಳಗೆ ಬಡಿಯುವುದನ್ನು ಕಲಿಸಿದವಳು ಅವಳೇ. ಹೆರಿಗೆಯಾದ ಮೂರನೇ ವಾರ ಅವಳಿಗೆ ನಿದ್ದೆ ಬಾರದಾಯಿತು, ಕೂಸು ತನ್ನದಲ್ಲ ಅಂತ ಚೀರತೊಡಗಿದಳು. ತಾಯತ ಕಟ್ಟಿಸಿದರು, ಶರಣಬಸಪ್ಪನ ಗುಡಿಗೆ, ಬಂದೇನವಾಜರ ದರ್ಗಾಕ್ಕೆ ಕರೆದೊಯ್ದರು. ಕಡೆಗೆ ಧಾರವಾಡದ ಮಾನಸಿಕ ಆಸ್ಪತ್ರೆ. ನಮ್ಮ ಕಡೆ ಆಗ ಧಾರವಾಡಕ್ಕೆ ಕಳಿಸಿದರು ಅಂದರೆ ಯಾರೂ ಮುಂದೆ ಕೇಳುತ್ತಿರಲಿಲ್ಲ.

ಅವಳು ಗುಣವಾಗಿ ಬಂದಳು. ಪೂರ್ತಿ ಗುಣವಾಗಿ. ಮುಂದೆ ನನ್ನ ಮಗನ ನಾಮಕರಣಕ್ಕೆ ತಾನೇ ಹೊಲಿದ ಕುಂಚಿಗೆ ಹಿಡಿದು ಬಂದು, ಕೂಸಿಗಾಗಿ ಎರಡೂ ಕೈ ಚಾಚಿದಳು. "ಮಲಗ್ಯಾನವ್ವ, ಆಮ್ಯಾಲೆ" ಅಂದೆ. ಕೂಸು ನನ್ನ ತೊಡೆಯ ಮೇಲೆ ಕಣ್ಣು ಬಿಟ್ಟು ನೋಡುತ್ತಿತ್ತು. ಅವಳು ಕುಂಚಿಗೆಯನ್ನು ಚಾಪೆಯ ಅಂಚಿಗಿಟ್ಟು, ಕುಂಕುಮವನ್ನೂ ಹಚ್ಚಿಸಿಕೊಳ್ಳದೆ ಹೋದಳು. ಕಾವೇರಿಗಾಗಿ ಅಷ್ಟು ಅತ್ತವಳು ನಾನು! ಆ ಮನೆಯವರು ಆಮೇಲೆ ಸೊಲ್ಲಾಪುರಕ್ಕೆ ಹೋದರು. ಕ್ಷಮೆ ಕೇಳುವುದು ಉಳಿದೇಹೋಯಿತು.

ಮೊನ್ನೆ ಮೊಮ್ಮಗಳು ತನ್ನ ಫೋನಿನಲ್ಲಿ ಅದೇ ಶರಪಂಜರ ಹಚ್ಚಿದಳು. ಅರ್ಧಕ್ಕೇ ಅವಳಿಗೆ ಸಿಟ್ಟು. "ಆಯಿ, ಆ ಸತೀಶಗ ಯಾರೂ ಏನೂ ಅನ್ನಂಗಿಲ್ಲಲ್ಲ? ಗುಣಾದಾಕಿನ್ನ ಮತ್ಯಾಕ ಹುಚ್ಚಿ ಅಂತಾರ?" ಕಟ್ಟೆಯ ಮೇಲೆ ಕೂತ ನಾವು ಹತ್ತು ಮಂದಿಯಲ್ಲಿ ಒಬ್ಬರಿಗಾದರೂ ಆ ಪ್ರಶ್ನೆ ಹೊಳೆಯಬೇಕಿತ್ತು.

ಅದಕ್ಕೇ ಹೇಳುತ್ತೇನೆ, ಕಾವೇರಿಯನ್ನು ಮತ್ತೆ ಆಸ್ಪತ್ರೆಗೆ ದೂಡಿದ್ದು ಬಾಣಂತನ ಅಲ್ಲ. ಆ ಕಾಯಿಲೆ ವಾಸಿಯಾಗಿತ್ತು. ಗಂಡನ ಮೋಸ, ಅಕ್ಕಪಕ್ಕದವರ ಅಂಜಿಕೆಯ ಕಣ್ಣು, ನನ್ನಂಥವರ "ಮಲಗ್ಯಾನವ್ವ". ನೀನು ಕೇಳಿದ "ಆಗಿಬಿಟ್ರ" ಅನ್ನುವುದರ ಅರ್ಧ ಭಯ ಕಾಯಿಲೆಯದಲ್ಲ, ನಕ್ಕವರದು ಅಂತ ನನಗೆ ಅನಿಸುತ್ತದೆ. ತಪ್ಪಿದ್ದರೆ ಹೇಳು.

ನಾನು ಡಾಕ್ಟರ್ ಅಲ್ಲ, ಏನು ಹೇಳಿದರೂ ಹೆಚ್ಚು ಕಡಿಮೆ ಆದೀತು. ಹೆರಿಗೆಯಾದ ಮೊದಲ ಒಂದೆರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಬಹಳ ಮಂದಿಗೆ ಇರುತ್ತದಂತೆ. ನನ್ನ ಗೆಳತಿಗೆ ಬಂದಂಥದ್ದು ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಬರುವಂಥದ್ದು, ಅದಕ್ಕೂ ಔಷಧವಿದೆ. ಆದರೆ ನಿನಗೀಗ ಮೂರನೇ ತಿಂಗಳು, ರಾತ್ರಿಯ ಅಳು ಇನ್ನೂ ನಿಂತಿಲ್ಲ ಅಂದರೆ ತೋರಿಸಲೇಬೇಕು. ಮನಸ್ಸಿನ ತೊಂದರೆಗೆಂದೇ ಸರಕಾರ ಇಟ್ಟ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿನ್ನ ಗಂಡನಿಗೆ ಹೇಳಿದ್ದಿಯೋ ಇಲ್ಲವೋ ಪತ್ರದಲ್ಲಿ ತಿಳಿಯಲಿಲ್ಲ. ಹೇಳು ಅನ್ನುವ ಅಧಿಕಾರ ನನಗಿದೆಯೋ ಇಲ್ಲವೋ. ಆದರೂ ಹೇಳು. ಒಂದು ಹೊತ್ತು ಕೂಸನ್ನು ಅವರ ಕೈಗೆ ಕೊಟ್ಟು ಮಲಗು.

ಅತ್ತಿಯ ಮುಂದೆ ಹೇಳಲು ಅಂಜಿಕೆಯಾದರೆ ನಾನು ಬರುತ್ತೇನೆ. ಮೊಣಕಾಲು ನೋವು ನನ್ನ ಚಿಂತೆ, ನಿನ್ನದಲ್ಲ.

ಈ ಪತ್ರ ಮುಟ್ಟಿದ ರಾತ್ರಿ ಫೋನ್ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ. ಮಾತಾಡದೆ ಬರೀ ಅತ್ತರೂ ಆಯಿತು, ನಾನಾಗಿ ಇಡುವುದಿಲ್ಲ.

ನಿನ್ನ
ದೊಡ್ಡವ್ವ